ಠೇವಣಿ ಕಡಿತ

ಹನ್ನೊಂದಕ್ಕೆ ಅಂದ ಏಜೆಂಟ್ ಥ್ರೆಲ್‌ಫಾಲ್ ಎರಡಕ್ಕೆ ಬಂದ.
ಮೀನು ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಕೈಯ ವಾಸನೆ ಹೋಗದೆ, ನಿದ್ದೆಗೆಟ್ಟು ಕೂತಿದ್ದೆ.

ಮೊದಲು ಕಾರ್ಪೆಟ್ಟು: ಒಂದು ಟೀ ಕಲೆ.
ಒಪ್ಪಿದೆ. ನನ್ನದೇ.
ನಮ್ಮ ಗ್ರಿಮ್ಸ್‌ಬಿ ತಂಡ ಕೊನೇ ನಿಮಿಷಕ್ಕೆ
ಗೋಲು ಹೊಡೆದಾಗ ಚೆಲ್ಲಿದ್ದು.
ಮುರಿದುಕೊಳ್ಳಲಿ, ಬೇಸರವಿಲ್ಲ.

ಆಮೇಲೆ ಮಲಗುವ ಕೋಣೆ.
ಕಿಟಕಿ ಪಕ್ಕ ಕಪ್ಪು ಬೂಷ್ಟು, ಆಳೆತ್ತರ.
"ಮಿಸೆಸ್ ಆಸ್ಕ್ಯೂ, ಇದು ಬಾಡಿಗೆದಾರರ ಜೀವನಶೈಲಿ.
ಒಳಗೇ ಬಟ್ಟೆ ಒಣಹಾಕ್ತೀರಿ, ಕಿಟಕಿ ತೆಗೆಯಲ್ಲ,
ಇಬ್ಬರು ಮಲಗಿ ಉಸಿರಾಡಿದರೂ ಸಾಕು, ಗೋಡೆ ಬೆವರುತ್ತೆ."

ಹನ್ನೊಂದು ವರ್ಷದಿಂದ ಒಬ್ಬಳೇ ಮಲಗುವವಳು ನಾನು.
ಅದನ್ನು ಇವನಿಗೇಕೆ ಹೇಳಲಿ?
ಸೂರಿನ ಪೈಪು ಒಡೆದಿದೆಯೆಂದು ಬರೆದ
ಒಂಬತ್ತು ಪತ್ರಗಳ ನಕಲು ಮುಂದಿಟ್ಟೆ,
ತಾರೀಖು ಕಾಣುವಂತೆ.
ತಿರುವಲಿಲ್ಲ.

ಉಸಿರಾಟಕ್ಕೆ ಎಷ್ಟಾಯ್ತು, ಕೇಳಿದೆ.
ನಾನೂರ ಮೂವತ್ತು ಪೌಂಡು.

ಟ್ಯಾಬ್ಲೆಟ್ಟಿನ ಬ್ಯಾಟರಿ ಸತ್ತಿತ್ತು. ಹಾಳೆ ತೆಗೆದು
ಗೋಡೆಗೊತ್ತಿ ಬರೆಯಹೋದ.
ಪೆನ್ನು ಮೂಡಲಿಲ್ಲ.
ಝಾಡಿಸಿದ, ಮತ್ತೆ ಒತ್ತಿದ,
ಹಾಳೆ ಒದ್ದೆಯಾಗಿ ಹರಿಯಿತು.

"ಸ್ವಲ್ಪ ಉಸಿರು ಬಿಗಿಹಿಡಿದು ಬರೀರಿ" ಅಂದೆ.