ಎರಡನೇ ಗೇಟಿನಲ್ಲಿ ಕರಿವೀರಯ್ಯ

ಬೂವನಹಳ್ಳಿಯಲ್ಲಿ ವಿಮಾನ ಇನ್ನೂ ಇಳಿದಿರಲಿಲ್ಲ.
ಗಾಜಿನ ಮೇಲಿನ ಪ್ಲಾಸ್ಟಿಕ್ ಹಾಳೆ ಅರ್ಧ ಸುಲಿದಿತ್ತು,
ರನ್‌ವೇ ಮೇಲೆ ಟಿಟ್ಟಿಭಗಳು
ಯಾರ ಗುರುತೂ ಕೇಳದೆ ಕಿರುಚಾಡುತ್ತಿದ್ದವು.

ಮುಖ ನೋಡಿ ಬಾಗಿಲು ತೆರೆಯುವ ಯಂತ್ರಕ್ಕೆ ಅವತ್ತು ಪರೀಕ್ಷೆ.
ಸಾಲು ನಿಲ್ಲಬಾರದು, ಒಬ್ಬರಿಗೆ ಏಳೇ ಸೆಕೆಂಡು,
ಒಬ್ಬರ ಹೆಸರಲ್ಲಿ ಇನ್ನೊಬ್ಬರು ನುಸುಳಬಾರದು.
ಹಸಿರು ಬಂದರೆ ಒಂದು ಗೀಟು, ಕೆಂಪು ಬಂದರೆ ಇನ್ನೊಂದು,
ಎಳೆಯುವುದು ನನ್ನ ಕೆಲಸ.
ನನ್ನ ಮುಖ ಮಾತ್ರ ದಾಖಲಾಗಿರಲಿಲ್ಲ,
ಗುತ್ತಿಗೆಯವರಿಗೆ ಪಕ್ಕದ ತಗಡಿನ ಬಾಗಿಲು, ಸಹಿಯ ಪುಸ್ತಕ.

ಫೋಟೋ ಹಿಡಿದು ಬಂದವರನ್ನು ಯಂತ್ರ ತಡೆಯಿತು.
ರಬ್ಬರ್ ಮುಖವಾಡವನ್ನು ತಡೆಯಿತು.
ದೊಡ್ಡ ಸಾಹೇಬರಿಗೆ ಸಮಾಧಾನವಾಗಲಿಲ್ಲ.
"ವೇಷ ಹಾಕಿ ಹೊಟ್ಟೆ ಹೊರೆಯುವವರು
ಈ ಕಡೆ ಯಾರಾದರೂ ಇದ್ದಾರೇನ್ರೀ?"

ಅರಸೀಕೆರೆಯ ಹೊರಗಿನ ಗುಡಾರದಿಂದ
ಹಗಲುವೇಷದ ಕರಿವೀರಯ್ಯ ಬಂದ.
ತಗಡಿನ ಪೆಟ್ಟಿಗೆ, ಅದರೊಳಗೆ ಅರದಾಳ, ಸಪೇತ, ಕಾಡಿಗೆ,
ಕೊಬ್ಬರಿ ಎಣ್ಣೆಯ ಸೀಸೆ, ಒಡೆದ ಕನ್ನಡಿ.
ಅರವತ್ತೊಂದು ವರ್ಷ. ಮೇಲಿನ ಎರಡು ಹಲ್ಲಿಲ್ಲ.
ನನ್ನ ಹೆಸರು ಕೇಳಿ, "ಹೇಮಾವತಿಯೋ?
ಈ ಸಲ ಡ್ಯಾಮು ತುಂಬಿತೇನವ್ವ?" ಅಂದ.

ಮೊದಲು ಬರೀ ಮುಖ ಕೊಟ್ಟು ದಾಖಲಾದ.
ಆಮೇಲೆ ಭೀಮನಾಗಿ ಬಂದ,
ಗದೆಯನ್ನು ಸಾಮಾನಿನ ಬೆಲ್ಟಿಗೆ ಹಾಕಿ. ಹಸಿರು.
ಮೀಸೆ ಚಿಕ್ಕದಾಯಿತು ಬಿಡು ಅಂತ ಒಳಹೋಗಿ
ಮೋಹಿನಿಯಾಗಿ ಬಂದ. ಕಾವಲಿನ ಹುಡುಗ
ನಾಚಿ ದಾರಿ ಬಿಟ್ಟ. ಹಸಿರು.
ದಫೇದಾರನಾಗಿ ಬಂದಾಗ
ನಿಜವಾದ ಕಾನ್‌ಸ್ಟೆಬಲ್ ಎದ್ದು ಸೆಲ್ಯೂಟ್ ಹೊಡೆದ,
ಯಂತ್ರ ಹೊಡೆಯಲಿಲ್ಲ.
ಕರಿವೀರಯ್ಯ, ಕರಿವೀರಯ್ಯ, ಕರಿವೀರಯ್ಯ
ಪರದೆಯ ಮೇಲೆ ಅದೇ ಜಪ.

ಸಾಹೇಬರು ಚಪ್ಪಾಳೆ ತಟ್ಟಿದರು, ಯಂತ್ರಕ್ಕೆ.
ಅವನು ಕಂಬಕ್ಕೊರಗಿ ಕೂತ.
"ಬಾಣಾವರದ ಹತ್ತಿರ ಒಂದೂರಲ್ಲಿ
ಸತ್ತ ಪಟೇಲನ ವೇಷ ಕಟ್ಟಿದ್ದೆ ಕಣವ್ವ.
ಅವನ ಹೆಂಡತಿಯೇ ಕಾಲಿಗೆ ನೀರು ಕೊಟ್ಟಳು.
ಆಮೇಲೆ ಗೊತ್ತಾದಾಗ ಅಳಲಿಲ್ಲ, ಬಯ್ಯಲಿಲ್ಲ,
ಎರಡು ಸೇರು ರಾಗಿ ಅಳೆದು
ಇನ್ನೊಂದು ಸ್ವಲ್ಪ ಹೊತ್ತು ಕೂತಿರು ಅಂದಳು.
ಇದು, ಇದು ಏನನ್ನ ನೋಡುತ್ತೆ?"

ನನಗೆ ಕಲಿಸಿದಷ್ಟು ಹೇಳಿದೆ:
ಕಣ್ಣಿಂದ ಕಣ್ಣಿಗೆ ಎಷ್ಟು ದೂರ,
ಮೂಗಿನ ಏಣು, ದವಡೆ ತಿರುಗುವ ಜಾಗ,
ಬಣ್ಣ ಮುಟ್ಟಲಾಗದ ಅಳತೆಗಳು.
ಅವನು ಬೆರಳಲ್ಲಿ ಹುಬ್ಬುಗಳ ನಡುವೆ ಅಳೆದುಕೊಂಡ.
"ಹಂಗಾದರೆ ಅದು ನನ್ನ ನೋಡೇ ಇಲ್ಲ ಬಿಡು.
ಅದೆಲ್ಲ ನಮ್ಮಪ್ಪ ಕೊಟ್ಟಿದ್ದು.
ನಾನು ಮಾಡಿದ್ದು ಅದರ ಮೇಲಿಂದು."

ಸಂಜೆ ಕೂಲಿ, ಎರಡು ಸಾವಿರ.
ಲೆಕ್ಕದವನ ಹೆಬ್ಬೆಟ್ಟಿನ ಡಬ್ಬಿ ಅವನ ಬೆರಳನ್ನು ಒಪ್ಪಲಿಲ್ಲ.
ಒರೆಸಿದ, ಎಣ್ಣೆ ಹಚ್ಚಿ ಒರೆಸಿದ, ಸೋಪು ಹಾಕಿದ.
ಐವತ್ತು ವರ್ಷ ಅರದಾಳ ಅರೆದು ಅರೆದು
ಗೆರೆಯೇ ಉಳಿದಿರಲಿಲ್ಲ.
"ನೋಡಿದೆಯಾ" ಎಂದು ನನ್ನ ಕಡೆ ತಿರುಗಿ
ಗೆದ್ದವನ ಹಾಗೆ ನಕ್ಕ, ದುಡ್ಡು ಇನ್ನೂ ಕೈಗೆ ಬಂದಿರಲಿಲ್ಲ.
ಕೊನೆಗೆ ಮೊಹರಿನ ಮಸಿಯಲ್ಲಿ ಅದ್ದಿ ಒತ್ತಿಸಿಕೊಂಡರು.
ಕಾಗದದ ಮೇಲೆ ನುಣ್ಣನೆಯ ಒಂದು ನೇರಳೆ ಹಣ್ಣು.

ಹಾಸನದಿಂದ ಅರಸೀಕೆರೆ ಬಸ್ಸು. ನಾನು ದುದ್ದದ ತನಕ.
ಅವನ ಕಿವಿಯ ಹಿಂದೆ, ಕೊರಳ ಮಡಿಕೆಯಲ್ಲಿ
ಹಳದಿ ಇನ್ನೂ ಅಂಟಿಕೊಂಡಿತ್ತು.
ಪೆಟ್ಟಿಗೆಗೆ ಲಗೇಜು ಚೀಟಿ ಹರಿಯುತ್ತ ಕಂಡಕ್ಟರು
ಬಗ್ಗಿ ನೋಡಿ ಕೇಳಿದ:
"ಏನ್ ಸ್ವಾಮಿ, ಇವತ್ತು ಯಾವ ವೇಷ?"

ಕರಿವೀರಯ್ಯ ಬೆನ್ನು ನೆಟ್ಟಗೆ ಮಾಡಿ
ಟಿಕೇಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು
"ಪ್ರಯಾಣಿಕ" ಅಂದ.