ಮೊಳದುದ್ದ

ತಗಡಿನ ಡಬ್ಬಿಯಲ್ಲಿ ರೈಲು ಹತ್ತಿ ಬಂದಿತ್ತು ಆ ಹಳೇ ಸಿನಿಮಾ.
ಚರ್ಚ್ ಶಾಲೆಯ ಬಯಲು, ಎರಡು ಬೆಡ್‌ಶೀಟು ಹೊಲಿದ ಪರದೆ,
ಗಾಳಿ ಬಂದಾಗೆಲ್ಲ ಇಂಗ್ಲೆಂಡು ಹೊಟ್ಟೆ ಉಬ್ಬಿಸುತ್ತಿತ್ತು.
ಅವರ ಮಾತು ನಮಗೆ ಬಾರದು,
ಆದರೂ ತಿಳಿಯಿತು:
ಉದ್ದ ಕತ್ತಿನ ಪಾದ್ರಿ, ಕನ್ನಡಕ ಎಲ್ಲೆಂದರಲ್ಲಿ ಮರೆಯುವವನು,
ಪೊಲೀಸರಿಗಿಂತ ಮೊದಲೇ ಕಳ್ಳನ ಹತ್ತಿರ ಹೋಗುತ್ತಾನೆ.
ಹೋಗಿ ಹಿಡಿಯುವುದಿಲ್ಲ. ಪಕ್ಕದಲ್ಲಿ ಕೂರುತ್ತಾನೆ.

ಮೊದಲ ರಾತ್ರಿ ರೀಲು ಸುತ್ತಲು ಕರೆದದ್ದು ನನ್ನನ್ನೇ,
ಮಂಡಕ್ಕಿ ಭಟ್ಟಿಯ ದಾದಾಪೀರನನ್ನು.
ಆಪರೇಟರ್ ಬಸಣ್ಣ ಬೀಡಿ ಸೇದಿ ಬರುವಷ್ಟರಲ್ಲಿ
ಮೊಳದುದ್ದ ಕತ್ತರಿಸಿ
ತುದಿಗೆ ತುದಿ ಅಂಟಿಸಿದ್ದೆ.

ಎರಡನೆಯ ರಾತ್ರಿ
ಕಳ್ಳನ ಕೈ ಕೋಟಿನೊಳಗಿತ್ತು, ಪಾದ್ರಿ ಬಾಯಿ ತೆರೆದ,
ಟಕ್ಕನೆ
ಚಿನ್ನದ ಗಡಿಯಾರ ಪಾದ್ರಿಯ ಅಂಗೈಯಲ್ಲಿ!
ಜನ ಕೂಗಿದರು, ಶಿಳ್ಳೆ ಹಾಕಿದರು, ಬಸಣ್ಣನ ವಂಶವನ್ನೆಲ್ಲ ನೆನೆದರು.
ಫಾದರ್ ಚೌರಪ್ಪ ಮಾತ್ರ ಪರದೆಗೆ ಬೆನ್ನು ಮಾಡಿ
ನಮ್ಮ ಕಡೆ ತಿರುಗಿದ್ದರು,
ಅಷ್ಟು ಬಾಯಿಗಳ ನಡುವೆ
ಮುಚ್ಚಿದ ಒಂದು ಬಾಯಿಗಾಗಿ.

ಮರುದಿನ ಮಟಮಟ ಮಧ್ಯಾಹ್ನ ಭಟ್ಟಿಗೇ ಬಂದರು,
ಬೂದಿಯ ಹಾದಿಯಲ್ಲಿ ಬಿಳಿ ನಿಲುವಂಗಿ ಎತ್ತಿ ಹಿಡಿದು.
ಚೀಲದಿಂದ ತೆಗೆದದ್ದು ಸುಟ್ಟುಹೋದ ಬಲ್ಬು.
"ಗಂಟೆ ಹೊಡೆಯೋ ಇನ್ನಾಸಪ್ಪನ ಹತ್ರ ಕೇಳಿದ್ಯಂತೆ.
ಕೆಟ್ಟ ಬಲ್ಬು ಯಾರಿಗಲೇ ಬೇಕು?
ನಾನೂ ಹುಡುಗ ಆಗಿದ್ದೆ."

ಅಷ್ಟೇ. ರೀಲಿನ ಮಾತೇ ಇಲ್ಲ.
ಬಲ್ಬಿಗೆ ನೀರು ತುಂಬಿದೆವು, ಹೊರಗೆ ತಮ್ಮ ಕನ್ನಡಿ ಹಿಡಿದ,
ಬಿಸಿಲು ಕಿಂಡಿಯಲ್ಲಿ ತೂರಿ ಬಂತು.
ಇನ್ನೇನು ಮಾಡಲಿ,
ಟೋಪಿಯೊಳಗಿಂದ ಪಟ್ಟಿ ನಾನೇ ತೆಗೆದೆ.

ಅಕ್ಕಿಮೂಟೆಯ ಬೆನ್ನ ಮೇಲೆ ಪಾದ್ರಿ, ಬಾವಲಿಯ ಹಾಗೆ.
"ತಲೆಕೆಳಗಾದ್ರೂ ಕನ್ನಡಕ ಬೀಳ್ಲಿಲ್ಲ ನೋಡಲೇ!"
ಫಾದರ್ ನಕ್ಕು ಕೆಮ್ಮಿದರು, ಭಟ್ಟಿಯ ಹೊಗೆಗೋ ಏನೋ.
ಒಂದೊಂದೇ ಎಳೆದೆ. ಅರವತ್ತು ಚಿತ್ರ,
ಬಾಯಿ ಅಗಲವಾಗುತ್ತಲೇ ಹೋಯಿತು.
ಪರದೆಯ ಮೇಲಾದರೆ ಎರಡೂವರೆ ಸೆಕೆಂಡು,
ಆಮೇಲೆ ಬಸಣ್ಣ ಲೆಕ್ಕ ಹಾಕಿ ಹೇಳಿದ.
ಅಷ್ಟರಲ್ಲಿ ಏನು ಹೇಳಲಾದೀತು ಕಳ್ಳನಿಗೆ?

ಕೇಳಿಯೇಬಿಟ್ಟೆ.
ಬಿಸಿ ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತ ಫಾದರ್,
"ಪುಸ್ತಕದಾಗೆ ಎರಡು ಪುಟ ಉಪದೇಶ ಐತಿ.
ಸಿನಿಮಾದಾಗೆ ಏನೂ ಹೇಳ್ಲಿಲ್ಲ.
ಆಕಳಿಸಿದ."

ಸುಳ್ಳೋ ನಿಜವೋ. ಪಟ್ಟಿ ಅವರ ಕೈಗಿಟ್ಟೆ,
ತಿರುಗಿಯೂ ನೋಡದೆ ಹೋದರು.
ಕನ್ನಡಕ ಮಾತ್ರ ಮೂಟೆಯ ಮೇಲೆಯೇ ಇತ್ತು,
ಚರ್ಚಿನ ತನಕ ನಾನೇ ಒಯ್ದು ಕೊಡಬೇಕಾಯಿತು.