ಪುಟ್ಟಿ ಒಣಗುವ ಮುನ್ನ

ನಮ್ಮಪ್ಪ ಜೇಬೆಜ್ ಹೋಲ್ರಾಯ್ಡ್,
ಹಡರ್ಸ್‌ಫೀಲ್ಡಿನಲ್ಲಿ ಕಿಟಕಿಗಳಿಗೆ ಗಾಜು ಕೂರಿಸುವವನು.
ವಜ್ರದ ಮೊನೆಯಲ್ಲೊಂದು ಗೆರೆ ಎಳೆದು
ಮೇಜಿನಂಚಿಗೆ ಮೆಲ್ಲಗೆ ಒತ್ತಿದರೆ
ಟಿಕ್ ಅಂತ ಎರಡಾಗುತ್ತಿತ್ತು, ಬೆಣ್ಣೆಯಿಂದ ಕೂದಲು ತೆಗೆದಂತೆ.
ಒಡೆಯುವುದಕ್ಕೂ ಒಂದು ಮರ್ಯಾದೆ ಇದೆ, ಅನ್ನುತ್ತಿದ್ದ.

ಅದೇ ಮೇಜಿನ ಮೇಲೆ ರಾತ್ರಿ ಹೊತ್ತು
ಅಮ್ಮ ಮನವಿಯ ಹಾಳೆಗಳನ್ನು ಹರಡುತ್ತಿದ್ದಳು,
ಹಾರಿಹೋಗದಂತೆ ಮೇಲೊಂದು ಪುಟ್ಟಿಯ ಡಬ್ಬಿ.
ಅಗಸೆಯೆಣ್ಣೆಯ ಕಲೆ ಹತ್ತಿದ ಸಹಿಗಳು
ಕಟ್ಟುಕಟ್ಟಾಗಿ ಪಾರ್ಲಿಮೆಂಟಿಗೆ ಹೋದವು.
ಅಲ್ಲಿ ಯಾರಾದರೂ ಬಿಚ್ಚಿ ನೋಡಿದರೋ,
ಬರೀ ಮೂಸಿ ಇಟ್ಟರೋ.

ಹತ್ತರ ಇಸವಿಯ ಜನವರಿ. ಶಾಲೆಯ ಗೇಟಿನ ಹೊರಗೆ ಹಿಮ.
ಮತ ಹಾಕಿ ಬರುವ ಗಂಡಸರನ್ನು ಅಮ್ಮ ನಿಲ್ಲಿಸುತ್ತಿದ್ದಳು,
ಶಾಯಿ ಹೆಪ್ಪುಗಟ್ಟದಿರಲೆಂದು ದೌತಿಯನ್ನು ಕಂಕುಳಲ್ಲಿಟ್ಟುಕೊಂಡು.
'ದಯವಿಟ್ಟು' ಅಂದಳು ನೂರ ಅರವತ್ತು ಸಲ.
ಕೊಡೆ ಹಿಡಿದಿದ್ದ ನಾನು ಎಣಿಸಿದ್ದೆ.
ಒಬ್ಬ ಆ ಹಾಳೆಯಲ್ಲೇ ಮೂಗು ಸೀಟಿ ವಾಪಸು ಕೊಟ್ಟ.
ಅಮ್ಮ ಮಡಿಸಿ ಜೇಬಿಗಿಟ್ಟಳು,
ಹೊಸ ಹಾಳೆ ತೆಗೆದಳು:
ದಯವಿಟ್ಟು.

ಥರ್ಜಾ ಚಿಕ್ಕಮ್ಮ ಗಿರಣಿಯವಳು.
ಮಗ್ಗಗಳ ಗದ್ದಲದಲ್ಲಿ ಕಿವಿಗೆ ಕೆಲಸವಿಲ್ಲ,
ತುಟಿ ನೋಡಿಯೇ ಮಾತು ತಿಳಿಯಬೇಕು ಅಲ್ಲಿ.
'ದೊಡ್ಡವರ ತುಟಿ ನೋಡ್ತಾನೇ ಬಂದಿದ್ದೀನಿ ಲವೀ,
ನಾಳೆ ಅನ್ನೋದು ಬಿಟ್ಟು ಬೇರೆ ಮಾತು ಅಲ್ಲಿ ಮೂಡಿಲ್ಲ.'
'ಕಲ್ಲೆಸೆದರೆ ಊರೆಲ್ಲ ಕಲ್ಲಿನ ಮಾತೇ ಆಡುತ್ತೆ,
ನಮ್ಮ ಮಾತು ಆಡೊಲ್ಲ,' ಅಂದಳು ಅಮ್ಮ.
ಟೀ ಆರಿತು. ಒಂದೇ ಬಸಿರಲ್ಲಿ ಬಂದವರು
ಒಂದು ವರ್ಷ ಒಂದೇ ಬೀದಿಯ ಎರಡು ಬದಿ ನಡೆದರು.

ಅಂಚೆಕಚೇರಿಯ ಹನ್ನೊಂದು ಗಾಜು, ಒಂದೇ ರಾತ್ರಿ.
ಕೂರಿಸುವ ಕೆಲಸ ಅಪ್ಪನಿಗೇ ಬಂತು. ಇನ್ಯಾರಿಗೆ ಬರುತ್ತೆ?
ನಾನು ಲಾಟೀನು ಹಿಡಿದೆ. ಚೂರುಗಳ ನಡುವೆ
ಹಿಡಿಗೆ ಜೆ. ಹೆಚ್. ಎಂದು ಸುಟ್ಟು ಗುರುತು ಹಾಕಿದ
ನಮ್ಮ ಅಂಗಡಿಯದೇ ಸುತ್ತಿಗೆ.
ಪೊಲೀಸಿನವ ಬಗ್ಗಿ ನೋಡಿದ.
'ನನ್ನದೇ, ಈಗ ಚೀಲದಿಂದ ತೆಗೆದೆ,'
ಅಂದ ಅಪ್ಪ, ಚರ್ಚಿನಲ್ಲಿ ಬೈಬಲ್ ಓದುವ ಅಪ್ಪ,
ಪುಟ್ಟಿಯ ಮೇಲೆ ಹೆಬ್ಬೆರಳು ಒತ್ತುತ್ತಾ, ಕತ್ತೆತ್ತದೆ.

ಆ ಕೂಲಿಯನ್ನು ಅಮ್ಮ ತನ್ನ ಸಂಘದ ಡಬ್ಬಿಗೆ ಹಾಕಲಿಲ್ಲ,
ತಂಗಿಯ ದಂಡಕ್ಕೂ ಕಟ್ಟಲಿಲ್ಲ.
ಜಾಮಿನ ಖಾಲಿ ಜಾಡಿಯಲ್ಲಿ ಬಿದ್ದಿತ್ತು ಅದು,
ಆರ್ಮ್‌ಲಿ ಜೈಲಿನಿಂದ ಚಿಕ್ಕಮ್ಮ ಬರುವ ತನಕ.
ಆಮೇಲೆ ಹಾಲಾಯಿತು, ಮೊಟ್ಟೆಯಾಯಿತು.
ಮೂಗಿನಲ್ಲಿ ನಳಿಗೆ ತುರುಕಿ ತುರುಕಿ
ಅವಳ ಗಂಟಲು ಹರಿದಿತ್ತು. ದನಿ ಮತ್ತೆ ಏಳಲಿಲ್ಲ.
ಹಾಸಿಗೆಯ ಪಕ್ಕ ಕೂತು
ಗಿರಣಿಯ ಮೆಟ್ಟಿಲನ್ನೇ ಹತ್ತದ ನಮ್ಮಮ್ಮ
ತುಟಿ ಓದಲು ಕಲಿತಳು,
ಮೊದಲು 'ನೀರು', ಆಮೇಲೆ 'ಸಾಕು', ಆಮೇಲೆ ಬೈಗುಳ.

ಹದಿನೆಂಟರ ಡಿಸೆಂಬರು. ಅಮ್ಮನಿಗೆ ಮತ ಬಂತು,
ಮೂವತ್ತು ದಾಟಿದ್ದಳು, ಗಂಡನ ಹೆಸರಲ್ಲಿ ಮನೆಯಿತ್ತು.
ಚಿಕ್ಕಮ್ಮನದು ಬಾಡಿಗೆಯ ಕೋಣೆ, ಕುರ್ಚಿ ಮಂಚವೂ ಇನ್ನೊಬ್ಬರದು;
ಅಂಥವರಿಗೆ ಇಲ್ಲವಂತೆ.
ಮೂರು ವರ್ಷ ಶೆಲ್ಲಿಗೆ ಮದ್ದು ತುಂಬಿ
ಕೈ ಅರಿಸಿನವಾದ ನನಗೂ ಇಲ್ಲ.
ಗೇಟಿನ ಹೊರಗೆ ಇಬ್ಬರೂ ಕಾದೆವು. ಅದೇ ಶಾಲೆ.

ಅಮ್ಮ ಹೊರಬಂದಳು. ನಾಲ್ಕು ಹೆಜ್ಜೆಗೇ ಶುರು:
'ನಿನ್ನ ಸುತ್ತಿಗೆಯಿಂದ ನಾಲ್ಕು ವರ್ಷ ತಡವಾಯಿತು.'
'ನಿನ್ನ ದಯವಿಟ್ಟುಗಳಿಂದ ನಲವತ್ತು,' ಅಂದವು ತುಟಿಗಳು.
ಯಾರು ಸರಿ ಅಂತ ನನ್ನನ್ನು ಕೇಳಬೇಡಿ,
ನಾನು ನಡುವೆ ನಡೆಯುತ್ತಿದ್ದೆ, ಇಬ್ಬರ ಚೀಲವೂ ನನ್ನ ಕೈಯಲ್ಲಿ.

ಅಂಚೆಕಚೇರಿಯ ಮುಂದೆ ಚಿಕ್ಕಮ್ಮ ನಿಂತಳು.
ಕೆಳಗಿನ ಗಾಜಿನಂಚಿಗೆ ಕಲ್ಲಾಗಿದ್ದ ಪುಟ್ಟಿಯಲ್ಲಿ
ಅಪ್ಪನ ಹೆಬ್ಬೆರಳ ಗುರುತು. ಅದರಲ್ಲಿ ತನ್ನ ಉಗುರಿಟ್ಟು
ಏನೋ ಅಂದಳು.
ಅಮ್ಮ ಓದಿಕೊಂಡಳು, ಅತ್ತಿತ್ತ ನೋಡಿದಳು,
ಆಮೇಲೆ ಬೀದಿಗೆಲ್ಲ ಕೇಳುವಂತೆ:
'ಇವಳದು ಈ ಗಾಜು! ಈ ಹನ್ನೊಂದೂ!'
ಹಾಲಿನ ಗಾಡಿಯವನು ತಿರುಗಿ ನೋಡಿದ.

ಶನಿವಾರ. ಬೇಕರಿ ಬೇಗ ಮುಚ್ಚುತ್ತೆ.
ನನಗಿನ್ನೂ ಎಂಟು ವರ್ಷ.